ಪೊಲೀಸರು ಗಾಡಿ ನಿಲ್ಲಿಸಿದಾಗ ನಿಮಗೇನು ತಿಳಿದಿರಬೇಕು?

ಮದುವೆಯ ಊಟ ಮುಗಿಸಿ ರಾತ್ರಿ ಎಂಟೂವರೆಗೆ ನೀವು ಮನೆಗೆ ಹೊರಟಿದ್ದೀರಿ. ಮಗ ಕಾರು ಓಡಿಸುತ್ತಿದ್ದಾನೆ. ಹಿಂದಿನ ಸೀಟಿನಲ್ಲಿ ನೀವು, ಸೊಸೆ ಮತ್ತು ನಿದ್ದೆಹೋದ ಮೊಮ್ಮಗು. ತಿರುವಿನಲ್ಲಿ ಬ್ಯಾರಿಕೇಡ್, ಟಾರ್ಚಿನ ಬೆಳಕು, ಕೈ ಅಡ್ಡ ಹಿಡಿದ ಪೊಲೀಸ್. ತಪ್ಪೇನೂ ಮಾಡಿಲ್ಲ, ಆದರೂ ಎದೆ ಝಲ್ಲೆನ್ನುತ್ತದೆ. ಮಗನದು ಬಿಸಿ ರಕ್ತ. “ನಮ್ಮನ್ನೇ ಯಾಕೆ ನಿಲ್ಲಿಸಿದ್ದು?” ಎಂದು ದನಿ ಏರಿಸಿಬಿಡುತ್ತಾನೋ ಎಂಬ ಭಯ ಬೇರೆ.

ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ತಪ್ಪು ಕಲ್ಪನೆಗಳು ಕೆಲಸ ಮಾಡುತ್ತವೆ. ಪೊಲೀಸರು ಏನು ಬೇಕಾದರೂ ಮಾಡಬಹುದು, ನಾವು ಬಾಯಿ ತೆರೆಯಬಾರದು ಎನ್ನುವುದು ಒಂದು. ಅವರಿಗೆ ಕೇಳುವ ಹಕ್ಕೇ ಇಲ್ಲ ಎನ್ನುವುದು ಇನ್ನೊಂದು. ಎರಡೂ ಅಪಾಯಕಾರಿ. ಮೊದಲನೆಯದು ನಮ್ಮನ್ನು ಅನ್ಯಾಯಕ್ಕೆ ತಲೆಬಾಗಿಸುತ್ತದೆ, ಎರಡನೆಯದು ನಮ್ಮ ಮಕ್ಕಳನ್ನು ಠಾಣೆಯ ಮೆಟ್ಟಿಲು ಹತ್ತಿಸುತ್ತದೆ. ನಿಲ್ಲಿಸುವುದು, ಕಾಗದ ಕೇಳುವುದು, ತಪಾಸಣೆ ಮಾಡುವುದು, ಗಾಡಿ ವಶಪಡಿಸುವುದು, ಬಂಧಿಸುವುದು ಇವೆಲ್ಲ ಬೇರೆ ಬೇರೆ ಮೆಟ್ಟಿಲುಗಳು. ಒಂದೊಂದು ಮೆಟ್ಟಿಲು ಮೇಲೇರುವಾಗಲೂ ಪೊಲೀಸರ ಬಳಿ ಮೊದಲಿಗಿಂತ ಬಲವಾದ ಕಾರಣ ಇರಬೇಕು ಎಂಬುದೇ ಕಾನೂನಿನ ತಿರುಳು.

ನಿಲ್ಲಿಸುವ ಅಧಿಕಾರ

ಸಮವಸ್ತ್ರದಲ್ಲಿರುವ ಪೊಲೀಸ್ ಕೈ ತೋರಿಸಿದರೆ ಗಾಡಿ ನಿಲ್ಲಿಸಲೇಬೇಕು. ಸಂಚಾರ ನಿಯಂತ್ರಿಸುವ ಪೊಲೀಸರ ಸೂಚನೆಯನ್ನು ಪಾಲಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 119ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಯ 130ನೇ ಕಲಂ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಗಾಡಿ ಓಡಿಸುವವರು ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದಾಗ ಲೈಸನ್ಸ್ ತೋರಿಸಬೇಕು. ಇದಕ್ಕೆ ಅನುಮಾನವೇ ಬೇಕಿಲ್ಲ ಎಂಬುದನ್ನು ಗಮನಿಸಿ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಪ್ರಮಾಣಪತ್ರಗಳನ್ನು ಸರಕಾರದಿಂದ ಅಧಿಕಾರ ಪಡೆದ ಪೊಲೀಸ್ ಅಧಿಕಾರಿ ಕೇಳಬಹುದು.

ಮೂಲ ಕಾಗದ ಮನೆಯಲ್ಲೇ ಉಳಿಯಿತೆಂದು ಗಾಬರಿಯಾಗಬೇಡಿ. 2018ರಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ, ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸುವ ದಾಖಲೆಗೂ ಮೂಲ ಕಾಗದದಷ್ಟೇ ಬೆಲೆ ಬಂದಿದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ, ಗ್ಯಾಲರಿಯಲ್ಲಿರುವ ಚಿತ್ರ ಇವು ಆ ಲೆಕ್ಕಕ್ಕೆ ಬರುವುದಿಲ್ಲ.

ನಿಲ್ಲಿಸುವ ಅಧಿಕಾರ ಇದೆ ಎಂದ ಮಾತ್ರಕ್ಕೆ ಹೇಗೆ ಬೇಕಾದರೂ ನಿಲ್ಲಿಸಬಹುದೇ? 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದುದನ್ನು ನೀವು ಓದಿರಬಹುದು. ನಾಯಿ ಕಚ್ಚಿದ ಪುಟ್ಟ ಹೆಣ್ಣುಮಗುವನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಸಂಚಾರ ಪೊಲೀಸರು ತಡೆದಾಗ ಬೈಕ್ ಉರುಳಿತು. ರಸ್ತೆಗೆ ಬಿದ್ದ ಮಗು ಪ್ರಾಣ ಕಳೆದುಕೊಂಡಿತು. ಈ ದುರಂತದ ಬಳಿಕ ರಾಜ್ಯ ಪೊಲೀಸ್ ಮುಖ್ಯಸ್ಥರು ತಮ್ಮ ಸಿಬ್ಬಂದಿಗೆ ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರಿಯ ದಾಖಲೆ ನೋಡಲು ವಾಹನ ತಡೆಯಬಾರದು, ಏಕಾಏಕಿ ರಸ್ತೆಗೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಹಿಡಿದೆಳೆಯಬಾರದು ಎಂದು ಅದರಲ್ಲಿತ್ತು. ಈ ಸೂಚನೆಯನ್ನು ಮೀರಿದ ಪೊಲೀಸರ ವಿರುದ್ಧ ನೀವು ದೂರು ಕೊಡಬಹುದು. ಆದರೆ ಅದನ್ನೇ ನೆಪ ಮಾಡಿಕೊಂಡು ಗಾಡಿ ನಿಲ್ಲಿಸದೆ ಹೋಗುವಂತಿಲ್ಲ.

ಅನುಮಾನ ಎಂದರೇನು?

ಲೈಸನ್ಸ್ ನೋಡಿದ ಮೇಲೆ ಪೊಲೀಸರು ಮುಂದಿನ ಮೆಟ್ಟಿಲು ಹತ್ತಬೇಕಾದರೆ ಕಾನೂನು ಒಂದು ಮಾತನ್ನು ಬಳಸುತ್ತದೆ: ಸಕಾರಣ ಸಂಶಯ. ಅಂದರೆ ಕಾರಣ ಕೊಟ್ಟು ವಿವರಿಸಲು ಸಾಧ್ಯವಿರುವ ಸಂಶಯ. ಚಾಲಕ ಕುಡಿದಿದ್ದಾನೆಂಬ ಸಕಾರಣ ಸಂಶಯ ಇದ್ದರೆ 203ನೇ ಕಲಂ ಪ್ರಕಾರ ಉಸಿರಿನ ಪರೀಕ್ಷೆಗೆ ಒಳಪಡಿಸಬಹುದು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದರೆ ಅಪರಾಧ. ಮಾದಕ ವಸ್ತು ಸಾಗಿಸುವ ಸಂಶಯವಿದ್ದರೆ 1985ರ ಮಾದಕ ದ್ರವ್ಯ ಕಾಯ್ದೆಯ 49ನೇ ಕಲಂನಡಿ ವಾಹನ ನಿಲ್ಲಿಸಿ ಶೋಧಿಸಬಹುದು. ಆದರೆ ಈ ಅಧಿಕಾರ ಪ್ರತಿಯೊಬ್ಬ ಪೇದೆಗೂ ಇಲ್ಲ. ಪೇದೆಗಿಂತ ಮೇಲಿನ ದರ್ಜೆಯ, ಸರಕಾರ ಅಧಿಕಾರ ಕೊಟ್ಟ ಅಧಿಕಾರಿಗೆ ಮಾತ್ರ ಇದೆ.

ಗಾಡಿ ಅತ್ತಿತ್ತ ವಾಲುತ್ತಾ ಬಂದರೆ, ಬಾಯಿಯಿಂದ ಮದ್ಯದ ವಾಸನೆ ಬಂದರೆ, ಕಳವಾದ ಗಾಡಿಯ ನಂಬರಿಗೆ ನಿಮ್ಮ ನಂಬರ್ ಹೊಂದಿದರೆ, ಅಪಘಾತ ಮಾಡಿ ಓಡಿಹೋದ ಬಿಳಿ ಕಾರೊಂದರ ಸುದ್ದಿ ವೈರ್‌ಲೆಸ್‌ನಲ್ಲಿ ಬಂದಿದ್ದು ನಿಮ್ಮದೂ ಅಂಥದೇ ಕಾರಾಗಿದ್ದರೆ, ಇವೆಲ್ಲ ಕಾರಣಗಳೇ. ನಿಮ್ಮ ಹೆಸರು, ಮಗನ ಗಡ್ಡ, ಗಂಡನ ಟೋಪಿ, ನಿಮ್ಮ ಬುರ್ಖಾ ಇವು ಕಾರಣಗಳಲ್ಲ. ಧರ್ಮದ ಆಧಾರದಲ್ಲಿ ಸರಕಾರ ಪ್ರಜೆಗಳ ನಡುವೆ ಭೇದ ಮಾಡಬಾರದೆಂದು ಸಂವಿಧಾನದ 15ನೇ ವಿಧಿ ಸ್ಪಷ್ಟವಾಗಿ ಹೇಳಿದೆ. ಸಾಲಾಗಿ ಬರುವ ಎಲ್ಲ ಗಾಡಿಗಳನ್ನೂ ನಿಲ್ಲಿಸುವ ನಾಕಾಬಂದಿಯಲ್ಲಿ ನಿಮ್ಮ ಸರದಿಯೂ ಬಂದರೆ ಅದನ್ನು ಭೇದವೆಂದು ತಿಳಿಯಬೇಕಾಗಿಲ್ಲ.

ಡಿಕ್ಕಿ ತೆರೆಯಿರಿ ಎಂದರೆ?

ಲೈಸನ್ಸ್ ತೋರಿಸಿ ಎನ್ನುವುದು ಬೇರೆ, ಡಿಕ್ಕಿ ತೆರೆಯಿರಿ ಎನ್ನುವುದು ಬೇರೆ. ಶೋಧನೆಗೆ ಕಾರಣ ಇರಬೇಕು. ಆ ಕಾರಣವನ್ನು ನೀವು ವಿನಯದಿಂದ ಕೇಳಬಹುದು: “ಸರ್, ಏನು ವಿಷಯ ಅಂತ ಹೇಳ್ತೀರಾ?” ಇಷ್ಟೇ ಸಾಕು. ಅವರು ತೆರೆಯಲೇಬೇಕೆಂದರೆ ಅಡ್ಡ ನಿಲ್ಲಬೇಡಿ, ಕೈ ಹಿಡಿಯಬೇಡಿ. ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪ ಬಂದರೆ ಸಣ್ಣ ವಿಷಯ ದೊಡ್ಡದಾಗುತ್ತದೆ. “ನಮ್ಮ ಒಪ್ಪಿಗೆ ಇಲ್ಲ ಸರ್, ಆದರೆ ನಾವು ತಡೆಯುವುದಿಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬದಿಗೆ ನಿಲ್ಲಿ.

1973ರ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಳವಿನ ಮಾಲೆಂಬ ಅನುಮಾನ ಹುಟ್ಟಿಸುವ ಅಥವಾ ಅಪರಾಧ ನಡೆದ ಸಂಶಯ ಬರುವ ಸನ್ನಿವೇಶದಲ್ಲಿ ಸಿಕ್ಕಿದ ವಸ್ತುವನ್ನು ಪೊಲೀಸರು ವಶಪಡಿಸಬಹುದೆಂದು ಅದರ 106ನೇ ಕಲಂ ಹೇಳುತ್ತದೆ. ಹಾಗೆ ವಶಪಡಿಸುವಾಗ ವಿಡಿಯೊ ಚಿತ್ರೀಕರಣ ಮಾಡಬೇಕು, ವಸ್ತುಗಳ ಪಟ್ಟಿ ಮಾಡಿ ಸಾಕ್ಷಿಗಳ ಸಹಿ ಪಡೆಯಬೇಕೆಂದು 105ನೇ ಕಲಂ ವಿಧಿಸುತ್ತದೆ. ಮಹಜರಿನಲ್ಲಿ ಏನು ಬರೆದಿದ್ದಾರೆಂದು ಓದದೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕಂತೂ ಎಂದಿಗೂ ಸಹಿ ಹಾಕಬೇಡಿ.

ಮಹಿಳೆಯರು ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ: ಹೆಣ್ಣಿನ ದೇಹ ಶೋಧನೆಯನ್ನು ಹೆಣ್ಣೇ ಮಾಡಬೇಕು, ಅದೂ ಮರ್ಯಾದೆಗೆ ಕುಂದು ಬಾರದಂತೆ. ಬಂಧನದ ಬಳಿಕದ ಶೋಧನೆಗೂ, ಮಾದಕ ದ್ರವ್ಯ ಕಾಯ್ದೆಯಡಿಯ ಶೋಧನೆಗೂ ಕಾನೂನು ಇದನ್ನೇ ಹೇಳುತ್ತದೆ. ಮಾದಕ ದ್ರವ್ಯ ಕಾಯ್ದೆಯಡಿ ದೇಹ ಶೋಧನೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಶೋಧಿಸಿ ಎಂದು ಕೇಳುವ ಹಕ್ಕೂ ಇದೆ. “ಮಹಿಳಾ ಪೊಲೀಸ್ ಬರಲಿ, ನಾನು ಕಾಯುತ್ತೇನೆ” ಎಂದು ಹೇಳುವುದು ಉದ್ಧಟತನವಲ್ಲ, ಹಕ್ಕು.

ಗಾಡಿ ವಶವಾದರೆ, ಠಾಣೆಗೆ ಕರೆದರೆ

ಲೈಸನ್ಸ್ ಇಲ್ಲದೆ, ವಯಸ್ಸು ತುಂಬದೆ, ನೋಂದಣಿಯಿಲ್ಲದೆ ಅಥವಾ ಬೇಕಾದ ಪರ್ಮಿಟ್ ಇಲ್ಲದೆ ಗಾಡಿ ಓಡಿಸಿದ್ದಾರೆಂದು ನಂಬಲು ಕಾರಣವಿದ್ದರೆ 207ನೇ ಕಲಂನಡಿ ಗಾಡಿಯನ್ನು ವಶದಲ್ಲಿಡಬಹುದು. ಲೈಸನ್ಸ್ ಅಥವಾ ಬೇರೆ ಕಾಗದ ತೆಗೆದುಕೊಂಡರೆ 206ನೇ ಕಲಂ ಪ್ರಕಾರ ಸ್ವೀಕೃತಿ ಪತ್ರ ಕೊಡಬೇಕು. ದಂಡ ಕಟ್ಟಿದರೂ ರಶೀದಿ ಕೇಳಿ ಪಡೆಯಿರಿ. ರಶೀದಿ ಇಲ್ಲದ ಹಣ ದಂಡವಲ್ಲ, ಲಂಚ.

ಅನುಮಾನದ ಮೇಲೆ ಬಂಧಿಸಬಹುದೇ? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬರಿಯ ಸಂಶಯ ಸಾಲದು. ಬಂಧನ ಏಕೆ ಅಗತ್ಯವೆಂಬುದನ್ನು ಪೊಲೀಸರು ಬರವಣಿಗೆಯಲ್ಲಿ ದಾಖಲಿಸಬೇಕು. ಅಗತ್ಯವಿಲ್ಲದಿದ್ದರೆ ಹಾಜರಾಗುವಂತೆ ನೋಟೀಸ್ ಕೊಡಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಹೊಸ ಸಂಹಿತೆಯ 35ನೇ ಕಲಂನಲ್ಲಿ ಈ ನಿಯಮವಿದೆ. ಅರುವತ್ತು ದಾಟಿದವರನ್ನು ಅಥವಾ ಅಶಕ್ತರನ್ನು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕಾಗಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ.

ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಸ್ಪಷ್ಟವಾಗಿ ಕಾಣಬೇಕೆಂದು 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಣ್ಣನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸಬಾರದು. ತೀರಾ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಪಡೆದು ಬಂಧಿಸಬೇಕು. ಸಾಕ್ಷಿಯಾಗಿ ವಿಚಾರಿಸುವುದಕ್ಕೂ ಹೆಣ್ಣನ್ನು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ, ಆಕೆಯ ಮನೆಗೇ ಬಂದು ಕೇಳಬೇಕು.

ಸಮವಸ್ತ್ರ ಇಲ್ಲದವರು ತಡೆದರೆ

ಕರಾವಳಿಯ ಓದುಗರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಪುಗೂಡಿದ ಹುಡುಗರು ಗಾಡಿಗೆ ಅಡ್ಡ ನಿಂತು “ಎಲ್ಲಿಗೆ? ಜೊತೆಗಿರುವವರು ಯಾರು? ಒಳಗೇನಿದೆ?” ಎಂದು ಕೇಳಿದರೆ ಉತ್ತರಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹಾಗೆ ದಾರಿ ತಡೆಯುವುದೇ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂನಡಿ ಅಪರಾಧ. ಜಾಮೀನು ಸಿಗದ ಸಂಜ್ಞೇಯ ಅಪರಾಧ ತನ್ನ ಕಣ್ಣೆದುರೇ ನಡೆದಾಗ ಸಾಮಾನ್ಯ ಪ್ರಜೆ ಒಬ್ಬನನ್ನು ಹಿಡಿಯಬಹುದು. ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಹಿಡಿಯುವ ಅಧಿಕಾರ ಪ್ರಜೆಗೆ ಇಲ್ಲವೇ ಇಲ್ಲ. ಜಾನುವಾರು ಸಾಗಾಟದ ಅನುಮಾನವಿದ್ದರೂ ಅಷ್ಟೇ. 2020ರ ಕರ್ನಾಟಕ ಕಾಯ್ದೆಯು ತಪಾಸಣೆಯ ಅಧಿಕಾರವನ್ನು ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿಲ್ಲದ ಪೊಲೀಸ್ ಅಧಿಕಾರಿಗೆ ಅಥವಾ ಸರಕಾರ ನೇಮಿಸಿದ ಅಧಿಕಾರಿಗೆ ಕೊಟ್ಟಿದೆಯೇ ಹೊರತು ಬೀದಿಯ ಗುಂಪಿಗಲ್ಲ. ಗುಂಪು ಹಿಂಸೆಯನ್ನು ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಯ ಅಧಿಕಾರಿಯನ್ನು ನೇಮಿಸಬೇಕೆಂದು 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ.

ಇಂಥ ಸಂದರ್ಭದಲ್ಲಿ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, ವಾಗ್ವಾದಕ್ಕಿಳಿಯದೆ 112ಕ್ಕೆ ಕರೆ ಮಾಡಿ. ಆ ಹೊತ್ತಿಗೆ ನಿಮಗೆ ಬೇಕಾಗುವುದು ಅದೇ ಪೊಲೀಸರು ಎಂಬುದನ್ನು ಮರೆಯಬೇಡಿ.

ತಾಯಂದಿರಿಗೆ ಎರಡು ಮಾತು

ಹಕ್ಕಿನ ಮಾತಾಡುವವರ ಕೈ ಶುದ್ಧವಾಗಿರಬೇಕು. ಎಂಟನೇ ತರಗತಿಯ ಹುಡುಗ ಸ್ಕೂಟರಿನಲ್ಲಿ ಟ್ಯೂಷನ್‌ಗೆ ಬರುವುದನ್ನು ನಾವು ಶಿಕ್ಷಕರು ದಿನವೂ ನೋಡುತ್ತೇವೆ. ಕೇಳಿದರೆ, “ಉಮ್ಮನೇ ಕೀ ಕೊಟ್ಟದ್ದು” ಎನ್ನುತ್ತಾನೆ. ಆ ಉಮ್ಮನಿಗೆ ಗೊತ್ತಿರಲಿ: 2019ರ ತಿದ್ದುಪಡಿಯ 199ಎ ಕಲಂ ಪ್ರಕಾರ ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸೂ ಸಿಗುವುದಿಲ್ಲ. ಇಂಥ ಹುಡುಗನನ್ನು ಪೊಲೀಸರು ನಿಲ್ಲಿಸಿದರೆ ಅದನ್ನು ಕಿರುಕುಳ ಎನ್ನಬಹುದೇ?

ದೊಡ್ಡ ಮಕ್ಕಳಿಗೆ ಹೇಳಿಕೊಡಬೇಕಾದುದು ಸರಳ. ಇಂಡಿಕೇಟರ್ ಹಾಕಿ ಬದಿಗೆ ನಿಲ್ಲಿಸು. ಎಂಜಿನ್ ಆಫ್ ಮಾಡು, ಒಳಗಿನ ಲೈಟ್ ಹಾಕು, ಕೈಗಳು ಕಾಣುವಂತೆ ಇರಲಿ. ಕೇಳಿದ ಕಾಗದ ಕೊಡು. ಹೆಸರಿನ ಪಟ್ಟಿ ನೋಡಿ ನೆನಪಿಟ್ಟುಕೋ. ಅನ್ಯಾಯವಾಯಿತೆಂದು ಕಂಡರೆ ರಸ್ತೆಯಲ್ಲೇ ಹೋರಾಡಬೇಡ. ಮನೆಗೆ ಬಂದು ದಿನಾಂಕ, ಸಮಯ, ಸ್ಥಳ, ಅಧಿಕಾರಿಯ ಹೆಸರು, ಗಾಡಿಯ ನಂಬರ್ ಬರೆದಿಡು. ಮರುದಿನ ಎಸ್‌ಪಿ ಅಥವಾ ಪೊಲೀಸ್ ಕಮಿಷನರರಿಗೆ ಲಿಖಿತ ದೂರು ಕೊಡಬಹುದು. ಅಲ್ಲೂ ನ್ಯಾಯ ಸಿಗದಿದ್ದರೆ ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಮತ್ತು ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ.

ಕೂಗಾಡಿದ ಮಾತು ಮರುದಿನ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಬರೆದು ಕೊಟ್ಟ ದೂರಿಗೆ ಉತ್ತರ ಕೊಡಬೇಕಾಗುತ್ತದೆ. ಈ ವಾರ ಬಿಡುವು ಮಾಡಿಕೊಂಡು ಮನೆಯ ಗಾಡಿಯ ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆಯ ಅವಧಿ ಯಾವಾಗ ಮುಗಿಯುತ್ತದೆಂದು ನೋಡಿ. ಮಕ್ಕಳ ಫೋನಿನಲ್ಲಿ ಡಿಜಿಲಾಕರ್ ಹಾಕಿಸಿ. ನಿಮ್ಮದರಲ್ಲೂ ಹಾಕಿಸಿಕೊಳ್ಳಿ.