ಹೊಟ್ಟೆ ಸೀಳದೆ ಕರುಳಿನ ಚಿಕಿತ್ಸೆ

ನಮ್ಮ ಬಾಳೆಲೆಯ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಕಾಫಿ ತೋಟದ ಕೆಲಸ. ಆರು ತಿಂಗಳಿಂದ ಅವರಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ನಾಚಿಕೆ. ಜೊತೆಗೆ ಭಯ. "ಟೀಚರೇ, ಡಾಕ್ಟರು ಹೊಟ್ಟೆ ಕೊಯ್ದ್ರೆ ಕಾಫಿ ಕೊಯ್ಯೋರು ಯಾರು?" ಅಂದರು.

ಅಕ್ಕಂದಿರೇ, ಈ ಭಯ ಅವರೊಬ್ಬರದ್ದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹೊಟ್ಟೆಯಲ್ಲಿ ದೊಡ್ಡ ಕರುಳು ಇದೆ. ಸುಮಾರು 5 ಅಡಿ ಉದ್ದ. ಕೆಲವರಿಗೆ ಅದರ ಒಳಗೋಡೆಯಲ್ಲಿ ಸಣ್ಣ ಗಂಟು ಬೆಳೆಯುತ್ತದೆ. ಮಳೆಗಾಲದಲ್ಲಿ ಒಣ ಮರದ ಮೇಲೆ ಅಣಬೆ ಏಳುತ್ತದಲ್ಲ, ಹಾಗೆ. ಇದಕ್ಕೆ ಪಾಲಿಪ್ ಎನ್ನುತ್ತಾರೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಕೆಲವನ್ನು ಹಾಗೇ ಬಿಟ್ಟರೆ, ವರ್ಷಗಳು ಕಳೆದ ಮೇಲೆ ಕ್ಯಾನ್ಸರ್ ಆಗಬಹುದು. ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಅದೇ ಅದರ ಮೋಸ.

ಇದನ್ನು ತೆಗೆಯಲು ಹೆಚ್ಚಿನವರಿಗೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಹಿಂದಿನ ದಿನ ಔಷಧಿ ಕುಡಿಸಿ ಕರುಳನ್ನು ಖಾಲಿ ಮಾಡಿಸುತ್ತಾರೆ. ಆಮೇಲೆ ಮಂಪರು ಬರುವ ಮದ್ದು ಕೊಡುತ್ತಾರೆ. ಬೆರಳಿನಷ್ಟು ದಪ್ಪದ, ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಡುತ್ತಾರೆ. ಅದರ ತುದಿಯಲ್ಲಿ ದೀಪ, ಕ್ಯಾಮೆರಾ ಇವೆ. ಒಳಗಿನದೆಲ್ಲ ಟಿ.ವಿ.ಯಲ್ಲಿ ಕಾಣುತ್ತದೆ. ಗಂಟು ಕಂಡರೆ ತಂತಿಯ ಕುಣಿಕೆ ಹಾಕಿ ಕತ್ತರಿಸುತ್ತಾರೆ. 1969ರಲ್ಲೇ ನ್ಯೂಯಾರ್ಕಿನ ವೈದ್ಯರು ಹೀಗೆ ಗಂಟು ತೆಗೆದಿದ್ದರು. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸುತ್ತಾರೆ.

ನಮ್ಮ ಅಕ್ಕನಿಗೂ ಹೀಗೇ ಮಾಡಿದರು. ಅದೇ ದಿನ ಸಂಜೆ ಹೊರಗೆ ಬಂದರು. ವರದಿ ಬರುವ ತನಕ ಮಾತ್ರ ಅವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ಕ್ಯಾನ್ಸರ್ ಇರಲಿಲ್ಲ.

ಗಂಟು ತುಂಬ ದೊಡ್ಡದಿದ್ದರೆ ಕರುಳಿನ ಆ ತುಂಡನ್ನೇ ತೆಗೆಯಬೇಕಾಗಬಹುದು. ಕರುಳಿನ ಗೋಡೆ ಚೀಲದಂತೆ ಉಬ್ಬಿ, ಮತ್ತೆ ಮತ್ತೆ ಕೀವಾದರೂ ಹಾಗೇ. ಮೊದಲೆಲ್ಲ ಹೊಟ್ಟೆಯನ್ನು ಉದ್ದಕ್ಕೆ ಸೀಳುತ್ತಿದ್ದರು. ಈಗ ನಾಲ್ಕೈದು ಸಣ್ಣ ತೂತು ಸಾಕು. ತುಂಡನ್ನು ಹೊರಗೆ ತೆಗೆಯಲು ಒಂದು ತೂತನ್ನು ಸ್ವಲ್ಪ ದೊಡ್ಡದು ಮಾಡುತ್ತಾರೆ. ಇದು ಲ್ಯಾಪರೊಸ್ಕೋಪಿ. ಮುಂಬಯಿಯ ಡಾ. ಉಡ್ವಾಡಿಯಾ 1990ರಲ್ಲಿ ಈ ರೀತಿ ಪಿತ್ತಕೋಶ ತೆಗೆದರು. ನಮ್ಮ ದೇಶದಲ್ಲಿ ಅದೇ ಮೊದಲು. ಕರುಳಿಗೂ ಈ ವಿಧಾನ ಬಂದದ್ದು ಆಮೇಲೆ.

ತೂತು ಸಣ್ಣದು, ಒಳಗಿನ ಗಾಯ ಸಣ್ಣದಲ್ಲ. ಕೆಲವು ವಾರ ಕಾಫಿ ಮೂಟೆ, ಸೌದೆ ಹೊರೆ ಎತ್ತಬಾರದು. ಕೆಲವರಿಗೆ ನಡುವೆ ಹೊಟ್ಟೆ ತೆರೆಯಲೇಬೇಕಾಗುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ರಕ್ತ ಹೋದರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ. ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಸುಸ್ತಾದರೆ ಡಾಕ್ಟರಿಗೆ ಹೇಳಿ. ಗಂಡಸು ಡಾಕ್ಟರ ಮುಂದೆ ಸಂಕೋಚವಾದರೆ ನರ್ಸಮ್ಮನ ಹತ್ತಿರ ಹೇಳಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಮರೆಯದೆ ಒಯ್ಯಿರಿ. ಆಯುಷ್ಮಾನ್ ಯೋಜನೆಯಲ್ಲಿ ಖರ್ಚು ಸಿಗುತ್ತದೆಯೇ ಎಂದು ಅಲ್ಲೇ ಕೇಳಬಹುದು.