ಓದಿನ ಸಾಲ: ಮನ್ನಾ ಒಂದೇ ಮದ್ದೇ?

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಮನೆ ಕಟ್ಟುವವರು ಬಾಗಿಲು, ಚೌಕಟ್ಟು ಕೊಳ್ಳುತ್ತಾರೆ. ಕೈಯಲ್ಲಿ ದುಡ್ಡಿದ್ದವರು ನಗದು ಕೊಡುತ್ತಾರೆ, ಇಲ್ಲದವರು ಸಾಲ ಮಾಡುತ್ತಾರೆ. ಬಾಗಲಕೋಟೆ, ಹುನಗುಂದ, ಇಳಕಲ್ ಕಡೆಯ ಕುಟುಂಬಗಳಿಗೆ ಸಾಲ ಹೊಸತೇನಲ್ಲ. ಮನೆಗೆ ಸಾಲ, ಮಗಳ ಮದುವೆಗೆ ಸಾಲ, ಬೋರ್‌ವೆಲ್‌ಗೆ ಸಾಲ, ಮಗ್ಗಕ್ಕೆ ಸಾಲ. ಇತ್ತೀಚಿನ ಎರಡು ದಶಕಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿದೆ. ಅದು ಮಕ್ಕಳ ಓದಿನ ಸಾಲ.

ಮನೆಗೆ ಮಾಡಿದ ಸಾಲಕ್ಕೆ ಮನೆಯಾದರೂ ಕಣ್ಣ ಮುಂದೆ ಇರುತ್ತದೆ. ಓದಿಗೆ ಮಾಡಿದ ಸಾಲಕ್ಕೆ ಇರುವುದು ಒಂದು ಅಂಕಪಟ್ಟಿ, ಒಂದು ನಿರೀಕ್ಷೆ. ಕೆಲಸ ಸಿಕ್ಕರೆ ಸಾಲ ತೀರುತ್ತದೆ. ಸಿಗದಿದ್ದರೆ? ಈ ಪ್ರಶ್ನೆಯ ಬೆನ್ನಿಗೇ ‘ಸರಕಾರ ಈ ಸಾಲವನ್ನು ಮನ್ನಾ ಮಾಡಬಾರದೇ?’ ಎಂಬ ಕೂಗು ಏಳುತ್ತದೆ.

ಈ ಕೂಗಿಗೆ ಕಾರಣವಿಲ್ಲದಿಲ್ಲ. 2008ರಲ್ಲಿ ಕೇಂದ್ರ ಸರಕಾರ ರೈತರ ಸಾಲ ಮನ್ನಾ ಮಾಡಿತು. ಕರ್ನಾಟಕದಲ್ಲಿ 2017ರಲ್ಲಿ ಸಹಕಾರಿ ಸಂಘಗಳ 50 ಸಾವಿರ ರೂಪಾಯಿವರೆಗಿನ ಬೆಳೆ ಸಾಲ ಮನ್ನಾ ಆಯಿತು, 2018ರಲ್ಲಿ ಮತ್ತೊಂದು ದೊಡ್ಡ ಮನ್ನಾ ಘೋಷಣೆಯಾಯಿತು. 2013ರ ಮೇ 13ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದ ದಿನವೇ ಪರಿಶಿಷ್ಟರು, ಹಿಂದುಳಿದವರು ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ಬಾಕಿ ಸಾಲ ಮನ್ನಾ ಮಾಡುವುದಾಗಿ ಪ್ರಕಟಿಸಿದರು. ಹೀಗಿರುವಾಗ ಓದಿದ ಮಕ್ಕಳು ಮಾಡಿದ ತಪ್ಪಾದರೂ ಏನು?

ಲೆಕ್ಕ ಹಾಕಿ ನೋಡಿ

ಬ್ಯಾಂಕುಗಳ ಈಗಿನ ಶಿಕ್ಷಣ ಸಾಲ ಪದ್ಧತಿ 2001ರಲ್ಲಿ ಶುರುವಾಯಿತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಕಂತು ಇಲ್ಲವೆಂದ ಮಾತ್ರಕ್ಕೆ ಬಡ್ಡಿ ಇಲ್ಲವೆಂದಲ್ಲ. ಹಲವು ಪಾಲಕರು ಎಡವುವುದು ಇಲ್ಲಿಯೇ.

ಒಬ್ಬ ಹುಡುಗ ನಾಲ್ಕು ವರ್ಷದ ಇಂಜಿನಿಯರಿಂಗ್‌ಗೆ ವರ್ಷಕ್ಕೆ ಒಂದು ಲಕ್ಷದಂತೆ 4 ಲಕ್ಷ ರೂಪಾಯಿ ಸಾಲ ಪಡೆದನೆನ್ನಿ. ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿಯಲ್ಲೇ 1 ಲಕ್ಷ 40 ಸಾವಿರ ಆಗುತ್ತದೆ. ಮೊದಲ ಕಂತು ಕಟ್ಟುವ ಮುಂಚೆಯೇ ಸಾಲ 5 ಲಕ್ಷ 40 ಸಾವಿರ! ಇದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 7,100 ರೂಪಾಯಿಗಿಂತ ಹೆಚ್ಚು ಕಟ್ಟಬೇಕು. ಬೆಂಗಳೂರಿನಲ್ಲಿ 15 ಸಾವಿರ ಸಂಬಳಕ್ಕೆ ಸೇರಿದ ಹುಡುಗ ಬಾಡಿಗೆ, ಊಟಕ್ಕೆ ಕೊಟ್ಟ ಮೇಲೆ ಇದನ್ನು ಎಲ್ಲಿಂದ ತರಬೇಕು?

ಓದಿದವನು ಮಗ, ಆದರೆ ಬ್ಯಾಂಕಿನ ಕಾಗದದಲ್ಲಿ ತಂದೆಯ ಸಹಿಯೂ ಇರುತ್ತದೆ. ಕಂತು ನಿಂತರೆ ಇಬ್ಬರ ಹೆಸರೂ ಸುಸ್ತಿದಾರರ ಪಟ್ಟಿಗೆ ಸೇರುತ್ತದೆ. ಮುಂದೆ ಮಗ್ಗಕ್ಕೋ ಮನೆಗೋ ಸಾಲ ಕೇಳಲು ಹೋದರೆ ಬಾಗಿಲು ಮುಚ್ಚಿರುತ್ತದೆ. ವಸೂಲಿಯ ಒತ್ತಡ ಕೆಲವೊಮ್ಮೆ ಮಿತಿ ಮೀರುವುದೂ ಉಂಟು. 2016ರಲ್ಲಿ ಮದುರೈಯ ಒಬ್ಬ ಇಂಜಿನಿಯರಿಂಗ್ ಪದವೀಧರ ಶಿಕ್ಷಣ ಸಾಲದ ವಸೂಲಿಗಾರರ ಕಿರುಕುಳ ತಾಳದೆ ಆತ್ಮಹತ್ಯೆ ಮಾಡಿಕೊಂಡನೆಂಬ ಆರೋಪ ತಮಿಳುನಾಡನ್ನೇ ಕಲಕಿತ್ತು.

ಎಲ್ಲೆಲ್ಲಿ ಏನೇನಾಯಿತು?

ಶಿಕ್ಷಣ ಸಾಲದಲ್ಲಿ ಸರಕಾರ ಕೈ ಹಾಕಿದ್ದು ಇಲ್ಲವೇ ಇಲ್ಲ ಎನ್ನುವಂತಿಲ್ಲ. 2014ರ ಫೆಬ್ರವರಿಯಲ್ಲಿ ಮಧ್ಯಂತರ ಬಜೆಟ್ ಮಂಡಿಸಿದ ಪಿ. ಚಿದಂಬರಂ, 2009ರ ಮಾರ್ಚ್ ಅಂತ್ಯದೊಳಗೆ ಪಡೆದ ಶಿಕ್ಷಣ ಸಾಲಗಳ ಮೇಲೆ 2013ರ ಡಿಸೆಂಬರ್ ಕೊನೆಗೆ ಉಳಿದಿದ್ದ ಬಡ್ಡಿ ಬಾಕಿಯನ್ನು ಕೇಂದ್ರವೇ ಹೊರುವುದೆಂದು ಪ್ರಕಟಿಸಿದರು. ಸುಮಾರು 9 ಲಕ್ಷ ಮಂದಿಗೆ ಪ್ರಯೋಜನ, ಅಂದಾಜು 2,600 ಕೋಟಿ ವೆಚ್ಚ ಎಂದು ಆಗ ಹೇಳಲಾಗಿತ್ತು. ಅಸಲು ಮಾತ್ರ ವಿದ್ಯಾರ್ಥಿಯೇ ಕಟ್ಟಬೇಕಿತ್ತು.

2017ರಲ್ಲಿ ಕೇರಳ ಇನ್ನೊಂದು ದಾರಿ ಹಿಡಿಯಿತು. ಅದು ಪೂರ್ತಿ ಮನ್ನಾ ಮಾಡಲಿಲ್ಲ, ಬದಲಿಗೆ ಹೊರೆ ಹಂಚಿಕೊಂಡಿತು. ಸುಸ್ತಿಯಾಗದ ಸಾಲಗಳಲ್ಲಿ ಮೊದಲ ವರ್ಷ ಶೇ. 90, ಆಮೇಲೆ 75, 50, 25 ಎಂಬಂತೆ ಸರಕಾರದ ಪಾಲು ಇಳಿಯುತ್ತ ಹೋಗುವ ಯೋಜನೆಯದು. ಕೆಲಸ ಗಟ್ಟಿಯಾಗುವವರೆಗೆ ಊರುಗೋಲು, ಆಮೇಲೆ ಸ್ವಂತ ಕಾಲು.

2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ, ಅದೇ ವರ್ಷ ಮಾರ್ಚ್ 15ಕ್ಕೆ ಬಾಕಿಯಿದ್ದ ಎಲ್ಲ ಶಿಕ್ಷಣ ಸಾಲವನ್ನೂ ಬಡ್ಡಿ ಸಮೇತ ಮನ್ನಾ ಮಾಡುವ ಭರವಸೆ ಕೊಟ್ಟಿತು. ಪಕ್ಷ ಅಧಿಕಾರಕ್ಕೆ ಬರಲಿಲ್ಲ, ಭರವಸೆ ಕಾಗದದಲ್ಲೇ ಉಳಿಯಿತು.

ಶ್ರೀಮಂತ ಅಮೆರಿಕಾದಲ್ಲೂ ಇದೇ ಜಗಳ. ಅಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನರ ತಲೆಯ ಮೇಲೆ ಸರಕಾರಿ ಶಿಕ್ಷಣ ಸಾಲವಿದೆ. ಅಧ್ಯಕ್ಷ ಬೈಡನ್ 2022ರ ಆಗಸ್ಟ್‌ನಲ್ಲಿ 10 ಸಾವಿರ ಡಾಲರ್‌ವರೆಗೆ, ಬಡ ವಿದ್ಯಾರ್ಥಿಗಳಿಗೆ 20 ಸಾವಿರದವರೆಗೆ ಮನ್ನಾ ಎಂದರು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಅಂಗವಿಕಲರು, ಸಾರ್ವಜನಿಕ ಸೇವೆಯಲ್ಲಿ ದುಡಿದವರು, ಕಾಲೇಜುಗಳಿಂದ ವಂಚಿತರಾದವರು ಮೊದಲಾದವರಿಗೆ ಹಿಂದಿನಿಂದಲೂ ಇದ್ದ ನಿಯಮಗಳ ಪ್ರಕಾರ ಸಿಕ್ಕ ಪರಿಹಾರ ಉಳಿಯಿತು. ಬೈಡನ್ ಅವಧಿಯಲ್ಲಿ ಹೀಗೆ 50 ಲಕ್ಷಕ್ಕೂ ಹೆಚ್ಚು ಜನ ಸಾಲಮುಕ್ತರಾದರು. ಎಲ್ಲರಿಗೂ ಒಂದೇ ಏಟಿಗೆ ಎಂದದ್ದು ಬಿದ್ದು ಹೋಯಿತು. ಕಷ್ಟ ನೋಡಿ ಕೊಟ್ಟದ್ದು ನಿಂತಿತು.

ಸಾಲವೇ ಮಾಡದವರ ಗತಿ?

ಪೂರ್ತಿ ಮನ್ನಾ ಬೇಡವೆನ್ನುವವರ ಮಾತಿನಲ್ಲೂ ಹುರುಳಿದೆ. ಹೊಟ್ಟೆ ಬಟ್ಟೆ ಕಟ್ಟಿ ಕಂತು ತೀರಿಸಿದವನಿಗೆ ಏನು ಸಿಕ್ಕಿತು? ಒಳ್ಳೆಯ ಸಂಬಳ ಪಡೆಯುವವನ ಸಾಲವನ್ನು ನೇಕಾರ ಕೊಡುವ ತೆರಿಗೆಯಿಂದ ಏಕೆ ತೀರಿಸಬೇಕು? ಇನ್ನು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವನ್ನು ನೋಡಿ. ವೃತ್ತಿಪರ ಕೋರ್ಸುಗಳ ವಿದ್ಯಾರ್ಥಿಗಳಿಗೆ ಕೇವಲ ಶೇ. 2ರ ಸೇವಾ ಶುಲ್ಕದಲ್ಲಿ ಸಿಗುವ ಹಣವದು. ಒಬ್ಬ ಮರಳಿಸಿದ್ದು ಮುಂದಿನ ಮಗುವಿನ ಫೀಸಿಗೆ ನೆರವಾಗಬೇಕು. ನೌಕರಿ ಹಿಡಿದವರೂ ಮನ್ನಾದ ಆಸೆಯಿಂದ ಕಟ್ಟದೆ ಕುಳಿತರೆ ಸರದಿಯಲ್ಲಿ ನಿಂತ ಮಗುವಿಗೆ ಏನು ಉಳಿಯುತ್ತದೆ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಹೆದರಿ ಸಾಲವನ್ನೇ ಮಾಡದೆ ಓದು ಬಿಟ್ಟವರಿಗೆ ಮನ್ನಾದಿಂದ ಏನು ದಕ್ಕಿತು? ಇಂಥವರಲ್ಲಿ ಹೆಣ್ಣು ಮಕ್ಕಳನ್ನು ಮರೆಯುವಂತಿಲ್ಲ. ಮಗನಿಗಾದರೆ ಸಾಲ ಮಾಡುವ ಮನೆ, ಮಗಳ ವಿಷಯ ಬಂದಾಗ ‘ಸಾಲ ಹೊತ್ತ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ?’ ಎನ್ನುತ್ತದೆ. ಇಳಕಲ್‌ನ ಮಗ್ಗದ ಮನೆಯಲ್ಲಿ ತಾಯಿಯೊಂದಿಗೆ ನೂಲು ಸುತ್ತುತ್ತಲೇ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ಬಾಗಲಕೋಟೆಯ ಕಾಲೇಜಿನ ಮೆಟ್ಟಿಲು ಹತ್ತದೆ ಹೋದರೆ, ಆ ನಷ್ಟ ಯಾವ ಬ್ಯಾಂಕಿನ ಲೆಕ್ಕದಲ್ಲೂ ಕಾಣುವುದಿಲ್ಲ.

ಆದ್ದರಿಂದ ಸರಕಾರದ ಮುಂದೆ ಇಡಬೇಕಾದ ಬೇಡಿಕೆ ಸ್ಪಷ್ಟವಾಗಿರಲಿ. ಕೆಲಸ ಸಿಗದವರ, ಕಾಯಿಲೆ ಬಿದ್ದವರ, ದುಡಿಯುವ ಕೈ ಕಳೆದುಕೊಂಡ ಮನೆಗಳ ಸಾಲ ಮನ್ನಾ ಆಗಬೇಕು. ಉಳಿದವರಿಗೆ ಕಂತು ಸಂಬಳಕ್ಕೆ ತಕ್ಕಂತಿರಬೇಕು. ಎಲ್ಲಕ್ಕಿಂತ ಮೊದಲು, ಸಾಲ ಮಾಡಿಯೇ ಓದಬೇಕಾದ ಸ್ಥಿತಿ ತಪ್ಪುವಂತೆ ಫೀಸು ಇಳಿಯಬೇಕು, ವಿದ್ಯಾರ್ಥಿ ವೇತನ ಹೆಚ್ಚಬೇಕು. ದುರದೃಷ್ಟವಶಾತ್ ಆಗುತ್ತಿರುವುದು ಬೇರೆ. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿ ಭರಿಸುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತು ಹೋಯಿತು.

ನಾವು ಮಾಡಬೇಕಾದದ್ದು

ಇರುವ ಸೌಲಭ್ಯವನ್ನೇ ಬಳಸದವರು ನಮ್ಮಲ್ಲಿ ಬಹಳ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳ ಸಾಲಕ್ಕೆ ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ಕೊಡುವ ಯೋಜನೆ 2009ರಿಂದ ಇದೆ. ಮೇಲಿನ ಲೆಕ್ಕದ 1 ಲಕ್ಷ 40 ಸಾವಿರ ಹಾಗೆಯೇ ಉಳಿಯುತ್ತದೆ! ಆದರೆ ಕಾಲೇಜಿಗೆ ನ್ಯಾಕ್‌ನಂಥ ಮಾನ್ಯತೆ ಇರಬೇಕು, ಆದಾಯ ಪ್ರಮಾಣಪತ್ರ ಬ್ಯಾಂಕಿಗೆ ಕೊಟ್ಟಿರಬೇಕು. ಪ್ರವೇಶಕ್ಕೆ ಮೊದಲೇ ಇದನ್ನು ವಿಚಾರಿಸಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಕಾಲೇಜುಗಳ ಮಟ್ಟಿಗೆ, 8 ಲಕ್ಷದವರೆಗೆ ಆದಾಯವಿರುವವರಿಗೂ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ ಇದೆ. ಹೆಣ್ಣು ಮಕ್ಕಳಿಗೆ ಹಲವು ಸಾರ್ವಜನಿಕ ಬ್ಯಾಂಕುಗಳು ಬಡ್ಡಿಯಲ್ಲಿ ಅರ್ಧ ಶೇಕಡಾ ಕಡಿಮೆ ಮಾಡುತ್ತವೆ. ಬಡ್ಡಿಯ ಸಹವಾಸವೇ ಬೇಡವೆನ್ನುವವರು ಮೊದಲು ‘ಅರಿವು’ ಅರ್ಜಿ ಹಾಕಲಿ.

ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಬೇಕು, ಬಿಟ್ಟುಕೊಟ್ಟರೆ ಅದು ಇನ್ನೂ ಉತ್ತಮ ಎಂಬುದು ಕುರ್‌ಆನಿನ ಬೋಧನೆ. ಝಕಾತ್‌ಗೆ ಅರ್ಹರಾದ ಎಂಟು ವಿಭಾಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರು. ಅದೇ ಧರ್ಮ, ಸತ್ತವನ ಆಸ್ತಿ ಹಂಚುವ ಮುನ್ನ ಅವನ ಸಾಲ ತೀರಿಸಿ ಎಂದೂ ಹೇಳುತ್ತದೆ. ದಯೆಯೂ ಇರಲಿ, ಹೊಣೆಯೂ ಇರಲಿ ಎಂದಲ್ಲವೇ ಇದರ ಅರ್ಥ? ರಮಝಾನಿನಲ್ಲಿ ನಮ್ಮ ಜಮಾಅತ್‌ಗಳು ಝಕಾತ್ ಪಟ್ಟಿ ಮಾಡುವಾಗ, ಓದು ಮುಗಿಸಿಯೂ ಕೆಲಸವಿಲ್ಲದೆ ಸಾಲದಲ್ಲಿ ಸಿಕ್ಕಿಕೊಂಡ ಮೊಹಲ್ಲಾದ ಮಕ್ಕಳ ಹೆಸರನ್ನೂ ಬರೆದುಕೊಳ್ಳಲಿ. ದಡ ಸೇರಿದ ಹಿರಿಯ ವಿದ್ಯಾರ್ಥಿಗಳು ಇನ್ನೊಬ್ಬರ ಒಂದು ವರ್ಷದ ಫೀಸನ್ನು ಬಡ್ಡಿಯಿಲ್ಲದ ಕೈಸಾಲವಾಗಿ ಕೊಡಲಿ.

ಮನ್ನಾ ಘೋಷಣೆ ಚುನಾವಣೆಗೊಮ್ಮೆ ಬಂದು ಹೋಗುತ್ತದೆ. ಆದರೆ ಕಾಲೇಜಿನ ಅರ್ಜಿಗೆ ಕೊನೆಯ ದಿನ ಪ್ರತಿ ವರ್ಷವೂ ಬರುತ್ತದೆ. ಅಂದು ದುಡ್ಡಿಲ್ಲವೆಂದು ಯಾವ ಮಗುವೂ, ಅದರಲ್ಲೂ ಯಾವ ಹೆಣ್ಣು ಮಗುವೂ, ಮನೆಯಲ್ಲೇ ಉಳಿಯದಂತೆ ನೋಡಿಕೊಳ್ಳುವುದು ಸರಕಾರದ ಹೊಣೆ. ಅದರಲ್ಲಿ ನಮ್ಮ ಪಾಲೂ ಇದೆ.