ಪುಟ್ಟ ವಿಮಾನಕ್ಕೆ ತಕ್ಕ ಸರ್ವೋ

ಆಕಾಶದಲ್ಲಿ ವಿಮಾನದ ಸದ್ದು ಕೇಳಿ ತಲೆಯೆತ್ತದ ಮಕ್ಕಳು ವಿರಳ. ಮುಂಬಯಿಯ ಹಳೆಯ ವಿಮಾನ ನಿಲ್ದಾಣ ಒಂದು ಕಡೆ, ೨೦೨೫ರ ಡಿಸೆಂಬರಿನಲ್ಲಿ ಸಂಚಾರ ಆರಂಭಿಸಿದ ನವಿ ಮುಂಬಯಿಯ ಹೊಸ ನಿಲ್ದಾಣ ಇನ್ನೊಂದು ಕಡೆ ಇರುವ ಕೋಪರಖೈರಣೆಯಲ್ಲಿ ಬೆಳೆಯುವ ಮಕ್ಕಳಿಗೆ ವಿಮಾನದ ಹುಚ್ಚು ಹಿಡಿದರೆ ಆಶ್ಚರ್ಯವಿಲ್ಲ. ಥರ್ಮೋಕೋಲಿನ ಹಾಳೆ, ಸಣ್ಣ ವಿದ್ಯುತ್ ಮೋಟಾರು, ಬ್ಯಾಟರಿ ಇವುಗಳಿಂದ ಮಾದರಿ ವಿಮಾನವನ್ನು ಕಟ್ಟಿ ಹಾರಿಸುವುದು ಕೈಗೂ ಬುದ್ಧಿಗೂ ಒಳ್ಳೆಯ ವ್ಯಾಯಾಮ. ಆದರೆ ಸಾಮಗ್ರಿ ಕೊಳ್ಳುವಾಗ ತಂದೆತಾಯಿಗಳಿಗೆ ಎದುರಾಗುವ ಮೊದಲ ಸಮಸ್ಯೆಯೆಂದರೆ ಸರ್ವೋ ಎಷ್ಟು ದೊಡ್ಡದಿರಬೇಕೆಂಬುದು. ದೊಡ್ಡದಾದಷ್ಟೂ ಭದ್ರವೆಂಬ ಸಾಮಾನ್ಯ ನಂಬಿಕೆ ಇಲ್ಲಿ ಸಲ್ಲದು.

ಸರ್ವೋ ಎಂದರೇನು?

ಮಾನವ ಶರೀರದಲ್ಲಿ ಸ್ನಾಯುಗಳು ಮಾಡುವ ಕೆಲಸವನ್ನು ಮಾದರಿ ವಿಮಾನದಲ್ಲಿ ಸರ್ವೋ ಮಾಡುತ್ತದೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಈ ಡಬ್ಬಿಯೊಳಗೆ ಒಂದು ಮೋಟಾರು, ಹಲ್ಲುಗಾಲಿಗಳ ಸಾಲು, ತೋಳಿನ ಸ್ಥಾನವನ್ನು ಅಳೆಯುವ ಸಾಧನ ಮತ್ತು ಒಂದು ಪುಟ್ಟ ವಿದ್ಯುನ್ಮಂಡಲ ಇರುತ್ತವೆ. ರೇಡಿಯೋ ಮೂಲಕ ಬಂದ ಆಜ್ಞೆಗೂ ತೋಳು ನಿಂತಿರುವ ಸ್ಥಾನಕ್ಕೂ ಅಂತರವಿದ್ದರೆ ಮೋಟಾರು ತಿರುಗಿ ಅದನ್ನು ಸರಿಪಡಿಸುತ್ತದೆ. ತೋಳಿಗೆ ಜೋಡಿಸಿದ ಸಣ್ಣ ತಂತಿಯು ರೆಕ್ಕೆಯ ಐಲೆರಾನ್, ಬಾಲದ ಎಲಿವೇಟರ್ ಮತ್ತು ರಡ್ಡರುಗಳನ್ನು ಹೊರಳಿಸುತ್ತದೆ.

ಬಲದ ಲೆಕ್ಕ

ಸರ್ವೋವಿನ ತಿರುಚುಬಲವನ್ನು ಕಿಲೋಗ್ರಾಂ-ಸೆಂಟಿಮೀಟರುಗಳಲ್ಲಿ ಹೇಳುತ್ತಾರೆ. ಒಂದು ಕೆ.ಜಿ.-ಸೆಂ.ಮೀ. ಎಂದರೆ ಒಂದು ಸೆಂಟಿಮೀಟರ್ ಉದ್ದದ ತೋಳಿನ ತುದಿಯಲ್ಲಿ ಒಂದು ಕಿಲೋಗ್ರಾಂ ತೂಕವನ್ನು ತಡೆಹಿಡಿಯುವ ಶಕ್ತಿ. ಆದರೆ ವಿವರಪಟ್ಟಿಯಲ್ಲಿ ಕೊಟ್ಟ ಅಂಕಿ ಸರ್ವೋ ಸೋತು ನಿಲ್ಲುವ ಮಟ್ಟದ್ದು; ಅದರ ಮೂರನೆಯ ಒಂದು ಭಾಗವನ್ನು ಮಾತ್ರ ನೆಚ್ಚಿಕೊಳ್ಳುವುದು ವಿವೇಕ.

ಬೇಕಾದ ಬಲವನ್ನು ನಿರ್ಧರಿಸುವುದು ವಿಮಾನದ ಗಾತ್ರವೊಂದೇ ಅಲ್ಲ. ಹೊರಳುವ ಹಲಗೆಯ ಉದ್ದ, ಅದರ ಅಗಲದ ವರ್ಗ ಮತ್ತು ವೇಗದ ವರ್ಗ, ಇವು ಮುಖ್ಯ. ಅಗಲ ಇಮ್ಮಡಿಯಾದರೆ ಭಾರ ನಾಲ್ಕು ಪಟ್ಟಾಗುತ್ತದೆ. ವೇಗ ಇಮ್ಮಡಿಯಾದರೂ ಅಷ್ಟೇ.

ಉದಾಹರಣೆಗೆ, ೩೦ ಸೆಂ.ಮೀ. ಉದ್ದ, ೩ ಸೆಂ.ಮೀ. ಅಗಲದ ಐಲೆರಾನನ್ನು ಗಂಟೆಗೆ ೫೪ ಕಿಲೋಮೀಟರ್ ವೇಗದಲ್ಲಿ ೩೦ ಡಿಗ್ರಿ ಹೊರಳಿಸಲು ಸುಮಾರು ೦.೧ ಕೆ.ಜಿ.-ಸೆಂ.ಮೀ. ಸಾಕು. ೦.೬ ಎಂದು ಬರೆದ ೫ ಗ್ರಾಂ ತೂಕದ ಸರ್ವೋ ಈ ಕೆಲಸವನ್ನು ಸುಲಭವಾಗಿ ಮಾಡೀತು. ಆದರೆ ವಿಮಾನ ಮೂತಿ ತಗ್ಗಿಸಿ ಧುಮುಕುವಾಗ ವೇಗ ೧೦೮ ಕಿಲೋಮೀಟರಿಗೆ ಏರಿತೆನ್ನಿ, ಆಗ ೦.೪ ಬೇಕು. ಐದು ಗ್ರಾಮಿನ ಸರ್ವೋವಿನಿಂದ ನೆಚ್ಚಬಹುದಾದದ್ದು ೦.೨ ಮಾತ್ರ. ಮೂತಿಯನ್ನು ಮೇಲೆತ್ತಲೇಬೇಕಾದ ಆ ಕ್ಷಣದಲ್ಲಿಯೇ ಅದು ಕೈಕೊಡಬಹುದು. ೧.೫ ಎಂದು ಬರೆದ ೯ ಗ್ರಾಮಿನದಾದರೆ ತಡೆದುಕೊಂಡೀತು. ಆದುದರಿಂದ ಲೆಕ್ಕವನ್ನು ಸಾಧಾರಣ ವೇಗಕ್ಕಲ್ಲ, ಅತಿ ಹೆಚ್ಚಿನ ವೇಗಕ್ಕೆ ಹಾಕಬೇಕು.

ತೂಕದ ಲೆಕ್ಕ

ಹಾಗಾದರೆ ೪೦ ಗ್ರಾಂ ತೂಕದ ದೊಡ್ಡ ಸರ್ವೋವನ್ನೇ ಕೂರಿಸಬಾರದೇಕೆ? ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ‘ಬ್ಲ್ಯಾಕ್ ಕೈಟ್’ ಎಂಬ ಕಿರುವಿಮಾನದ ರೆಕ್ಕೆಯ ಹರವು ೩೦ ಸೆಂ.ಮೀ., ತೂಕ ಸುಮಾರು ೩೦೦ ಗ್ರಾಂ. ಅಷ್ಟೇ ತೂಕದ ವಿಮಾನದಲ್ಲಿ ಅಂಥ ಎರಡು ಸರ್ವೋಗಳನ್ನಿಟ್ಟರೆ ಕಾಲು ಭಾಗಕ್ಕಿಂತ ಹೆಚ್ಚು ತೂಕ ಅವುಗಳದೇ ಆಗುತ್ತದೆ. ತೂಕ ಹೆಚ್ಚಿದರೆ ತೇಲಲು ಹೆಚ್ಚು ವೇಗ ಬೇಕು; ಇಳಿಯುವಾಗಿನ ವೇಗವೂ ಬಿದ್ದಾಗಿನ ಪೆಟ್ಟೂ ಹೆಚ್ಚುತ್ತವೆ. ಬಾಲದಲ್ಲಿ ಕೂರಿಸಿದ ಒಂದೊಂದು ಗ್ರಾಮಿಗೂ ಸಮತೋಲಕ್ಕಾಗಿ ಮೂತಿಯಲ್ಲಿ ಹಲವು ಗ್ರಾಂ ಸೇರಿಸಬೇಕಾಗುತ್ತದೆ.

ಸ್ಥೂಲವಾಗಿ ಹೇಳುವುದಾದರೆ, ೨೦೦ ಗ್ರಾಮಿನೊಳಗಿನ ನಿಧಾನಗತಿಯ ವಿಮಾನಕ್ಕೆ ೪ರಿಂದ ೫ ಗ್ರಾಮಿನ ಸರ್ವೋ. ೩೦೦ರಿಂದ ೮೦೦ ಗ್ರಾಮಿನದಕ್ಕೆ ೯ ಗ್ರಾಮಿನದು. ಒಂದು ಕಿಲೋ ದಾಟಿದ, ಇಲ್ಲವೆ ಅತಿ ವೇಗದ ವಿಮಾನಕ್ಕೆ ೧೨ರಿಂದ ೧೭ ಗ್ರಾಮಿನ, ಲೋಹದ ಹಲ್ಲುಗಾಲಿಗಳುಳ್ಳದ್ದು ಯೋಗ್ಯ.

ಹಾರಿಸುವ ಮುನ್ನ

ಸರ್ವೋ ಎಷ್ಟೇ ಉತ್ತಮವಾಗಿದ್ದರೂ ಹಿಂಜು ಬಿಗಿಯಾಗಿದ್ದರೆ ಪ್ರಯೋಜನವಿಲ್ಲ. ತಂತಿಯನ್ನು ಕಳಚಿ ಹಲಗೆಯನ್ನು ಬೆರಳಿನಿಂದ ಆಡಿಸಿದಾಗ ಅದು ಸಲೀಸಾಗಿ ಹೊರಳಬೇಕು. ಜೋಡಿಸಿದ ಮೇಲೆ ಸರ್ವೋ ಸುಮ್ಮನಿದ್ದಾಗಲೂ ಗುಂಯ್‌ಗುಟ್ಟಿದರೆ ಎಲ್ಲೋ ತಡೆಯಿದೆಯೆಂದು ತಿಳಿಯಬೇಕು. ಹಾಗೆ ತಡೆಗೆ ಸಿಕ್ಕ ೯ ಗ್ರಾಮಿನ ಒಂದು ಸರ್ವೋ ಅರ್ಧ ಆಂಪಿಯರಿಗೂ ಮೀರಿ ವಿದ್ಯುತ್ತನ್ನು ಎಳೆಯಬಲ್ಲದು. ನಾಲ್ಕೂ ಒಟ್ಟಿಗೆ ಎಳೆದರೆ ರಿಸೀವರಿಗೆ ವಿದ್ಯುತ್ತು ಸಾಲದೆ ವಿಮಾನ ಹತೋಟಿ ತಪ್ಪುತ್ತದೆ.

ಇದನ್ನು ಆಟಿಕೆಯ ಮಾತೆಂದು ಕಡೆಗಣಿಸಲಾಗದು. ೩೦೦ ಗ್ರಾಮಿನ ವಿಮಾನ ಗಂಟೆಗೆ ೫೪ ಕಿಲೋಮೀಟರ್ ವೇಗದಲ್ಲಿ ಬಡಿದರೆ ಅದರ ಶಕ್ತಿ ಮೂರೂವರೆ ಮೀಟರ್ ಎತ್ತರದಿಂದ ಬಿದ್ದ ಒಂದು ಕಿಲೋ ಕಲ್ಲಿನದಕ್ಕೆ ಸಮ. ತಿರುಗುವ ಪ್ರೊಪೆಲ್ಲರು ಕಣ್ಣಿಗೂ ಬೆರಳಿಗೂ ಅಪಾಯಕಾರಿ. ಕಟ್ಟಡಗಳ ನಡುವಣ ಅಂಗಳ ಇದಕ್ಕೆ ತಕ್ಕ ಸ್ಥಳವಲ್ಲ. ಜನರಿಲ್ಲದ ವಿಶಾಲ ಬಯಲೇ ಬೇಕು. ೨೦೨೧ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಿವೆ. ಎರಡು ವಿಮಾನ ನಿಲ್ದಾಣಗಳ ನೆರೆಯವರು ಸ್ಥಳದ ವಲಯ ಯಾವುದೆಂದು ಅಧಿಕೃತ ನಕ್ಷೆಯಲ್ಲಿ ನೋಡಿಕೊಂಡ ನಂತರವೇ ವಿಮಾನವನ್ನು ಮೇಲೇರಿಸಬೇಕು.

ಶರೀರಕ್ಕೆ ಮಿತವಾದ ಆಹಾರ ಹೇಗೋ ಪುಟ್ಟ ವಿಮಾನಕ್ಕೆ ತಕ್ಕ ಸರ್ವೋ ಹಾಗೆ. ಕಡಿಮೆಯಾದರೆ ಬಲ ಸಾಲದು, ಹೆಚ್ಚಾದರೆ ಅದೇ ಭಾರ. ಕೊಳ್ಳುವ ಮುನ್ನ ಮಕ್ಕಳೊಡನೆ ಕುಳಿತು ಈ ಲೆಕ್ಕವನ್ನು ಮಾಡಿದರೆ ವಿಮಾನವೂ ಉಳಿಯುತ್ತದೆ, ನೋಡಲು ನೆರೆದವರೂ ಕ್ಷೇಮವಾಗಿರುತ್ತಾರೆ.